ಗಟಾರದ ಕರೆಂಟು

ನಮ್ಮ ಸುರಪುರದಲ್ಲಿ ನಳದ ನೀರು ಬರುವುದು ತಡವಾದೀತು, ಬಳಸಿದ ನೀರು ಹೋಗುವುದು ಮಾತ್ರ ತಡವಾಗುವುದಿಲ್ಲ. ಊರು ಗುಡ್ಡದ ಮೇಲಿದೆ. ಮೇಲಿನ ಓಣಿಯವರು ಪಾತ್ರೆ ತೊಳೆದ ನೀರು ಕೆಳಗಿನ ಓಣಿಯವರ ಹೊಸ್ತಿಲ ಮುಂದೆ ಹಾಯ್ದೇ ಹೋಗಬೇಕು. "ಮ್ಯಾಲಿನವರ ಮನ್ಯಾಗ ಇವತ್ತೇನು ಅಡಿಗಿ ಅಂತ ಗಟಾರ ನೋಡಿದ್ರ ಗೊತ್ತಾಗ್ತದ" ಎಂದು ನಮ್ಮ ಅವ್ವ ನಗುತ್ತಿದ್ದಳು. ಆ ಗಟಾರವನ್ನು ಐವತ್ತು ವರ್ಷ ದಾಟಿದ್ದೇನೆ. ಸೀರೆಯ ನೆರಿಗೆ ಎತ್ತಿಕೊಂಡು ಮೂಗು ಮುಚ್ಚಿ ದಾಟಿದ್ದೇ ಹೊರತು ಒಂದು ದಿನವೂ ಅದರೊಳಗೆ ಏನಿದೆ ಎಂದು ಬಗ್ಗಿ ನೋಡಿದವಳಲ್ಲ. ನೋಡುವ ಪ್ರಸಂಗ ಬಂದದ್ದು ಶಾಲೆಯ ವಿಜ್ಞಾನ ಪ್ರದರ್ಶನದಿಂದ.

ನಾನು ಕನ್ನಡ ಮತ್ತು ಸಮಾಜ ಪಾಠ ಹೇಳುವವಳು. ವಿಜ್ಞಾನಕ್ಕೂ ನನಗೂ ಇರುವ ನಂಟು ಕುಕ್ಕರಿನ ಸೀಟಿಯವರೆಗೆ ಮಾತ್ರ. ಆದರೆ ವಿಜ್ಞಾನದ ಟೀಚರು ಬಾಣಂತನದ ರಜೆಯಲ್ಲಿದ್ದುದರಿಂದ ಪ್ರದರ್ಶನದ ಹೊರೆ ನನ್ನ ತಲೆಗೆ ಬಂತು. ನಿಂಬೆಹಣ್ಣಿನ ಬ್ಯಾಟರಿ, ಜ್ವಾಲಾಮುಖಿ, ಮಳೆನೀರು ಕೊಯ್ಲು, ಇವು ಪ್ರತಿ ವರ್ಷದವು. ಈ ಸಲ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಗಟಾರದ ಕೆಸರಿನಾಗ ಕರೆಂಟ್ ಬರ್ತದಂತರೀ" ಎಂದಳು. ತರಗತಿ ನಕ್ಕಿತು, ನಾನೂ ನಕ್ಕೆ. ರಾತ್ರಿ ಬಾಣಂತಿ ಟೀಚರಿಗೆ ಫೋನು ಮಾಡಿದರೆ, ಆಕೆ ಕೂಸನ್ನು ತಟ್ಟುತ್ತಲೇ, "ನಗಬ್ಯಾಡ್ರೀ ಅಕ್ಕಾರೆ, ಅದು ಖರೇನೇ ಅದ" ಎಂದು ಅರ್ಧ ಗಂಟೆ ಪಾಠ ಹೇಳಿದಳು.

ನನಗೆ ತಿಳಿದಷ್ಟನ್ನು ನಿಮಗೆ ಹೇಳುತ್ತೇನೆ. ನಾವು ಉಂಡ ಅನ್ನದಿಂದ ಶಕ್ತಿ ಬಿಡಿಸಿಕೊಳ್ಳುವಾಗ ಕೊನೆಗೆ ಎಲೆಕ್ಟ್ರಾನುಗಳು ಉಳಿಯುತ್ತವೆ. ಅವನ್ನು ಯಾರಿಗಾದರೂ ದಾಟಿಸಲೇಬೇಕು. ನಾವು ಉಸಿರಿನ ಆಮ್ಲಜನಕಕ್ಕೆ ದಾಟಿಸುತ್ತೇವೆ. ಗಟಾರದ ತಳದ ಕೆಸರಿನಲ್ಲಿ ಗಾಳಿಯೇ ಇಲ್ಲ. ಅಲ್ಲಿನ ಸೂಕ್ಷ್ಮಜೀವಿಗಳಲ್ಲಿ ಕೆಲವು ಆ ಎಲೆಕ್ಟ್ರಾನುಗಳನ್ನು ಮಣ್ಣಿನ ಕಬ್ಬಿಣಕ್ಕೆ ದಾಟಿಸಿ ಬದುಕುತ್ತವೆ. ಕೆಸರಿನಲ್ಲಿ ಇಂಗಾಲದ ಕಡ್ಡಿಯೊಂದನ್ನು ಹುಗಿದರೆ ಕಡ್ಡಿಗೇ ದಾಟಿಸುತ್ತವೆ. ಮೇಲೆ ಗಾಳಿ ತಾಗುವ ನೀರಿನಲ್ಲಿ ಇನ್ನೊಂದು ಕಡ್ಡಿ ಇಟ್ಟು ಎರಡಕ್ಕೂ ತಂತಿ ಜೋಡಿಸಿದರೆ, ತಂತಿಯಲ್ಲಿ ಹರಿಯುವುದೇ ಕರೆಂಟು. ಇದನ್ನು ಸೂಕ್ಷ್ಮಜೀವಿ ಇಂಧನ ಕೋಶ ಎನ್ನುತ್ತಾರೆ. ದೊಡ್ಡ ಲಾಭ ಕರೆಂಟಿನದಲ್ಲ. ಈ ಜೀವಿಗಳು ತಿನ್ನುವುದು ನೀರಿನ ಹೊಲಸನ್ನೇ, ಆದ್ದರಿಂದ ನೀರೂ ತಿಳಿಯಾಗುತ್ತ ಹೋಗುತ್ತದೆ. ಊರುಗಳ ಕೊಳಚೆ ನೀರು ಶುದ್ಧ ಮಾಡುವ ಘಟಕಗಳಲ್ಲಿ ನೀರಿಗೆ ಗಾಳಿ ಊದುವುದಕ್ಕೇ ಬಹಳಷ್ಟು ಕರೆಂಟು ಸುಡುತ್ತದೆ. ಇಲ್ಲಿ ಊದುವ ಖರ್ಚಿಲ್ಲ.

ಇದು ನಿನ್ನೆ ಮೊನ್ನೆಯ ಮಾತೂ ಅಲ್ಲ. ಸೂಕ್ಷ್ಮಜೀವಿಗಳಿಂದ ಕರೆಂಟು ಬರುತ್ತದೆಂದು ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದ ಪಾಟರ್ ಎಂಬ ಸಸ್ಯಶಾಸ್ತ್ರಜ್ಞರು 1911ರಲ್ಲೇ ತೋರಿಸಿದ್ದರು. 1987ರಲ್ಲಿ ಅಮೆರಿಕದ ಡೆರೆಕ್ ಲವ್ಲೀ, ಪೊಟೊಮ್ಯಾಕ್ ನದಿಯ ಕೆಸರಿನಲ್ಲಿ ಜಿಯೋಬ್ಯಾಕ್ಟರ್ ಎಂಬ ಜೀವಿಯನ್ನು ಕಂಡರು. ನನ್ನ ಮನಸ್ಸಿಗೆ ನಾಟಿದ್ದು ಮಾತ್ರ ಉಗಾಂಡದ ಒಂದು ಶಾಲೆ. ಅಲ್ಲಿನ ಕಿಸೋರೊ ಎಂಬಲ್ಲಿ ಹೆಣ್ಣುಮಕ್ಕಳ ಶಾಲೆಯ ಶೌಚಾಲಯಕ್ಕೆ 2017ರಲ್ಲಿ ಬ್ರಿಸ್ಟಲಿನ ವಿಜ್ಞಾನಿಗಳು ಇಂಥ ಕೋಶಗಳನ್ನು ಕೂಡಿಸಿದರಂತೆ. ಮಕ್ಕಳ ಮೂತ್ರದಿಂದಲೇ ಅವರ ಶೌಚಾಲಯದ ದೀಪ. ಇದನ್ನು ಕೇಳಿ ನೀವು ನಕ್ಕೀರಿ. ಕತ್ತಲಾಗಲಿ ಎಂದು ಹೊಟ್ಟೆ ಹಿಡಿದುಕೊಂಡು ಕಾದು, ಚೊಂಬು ಹಿಡಿದು ಬಯಲಿಗೆ ಹೋದ ನನ್ನ ವಾರಿಗೆಯ ಹೆಣ್ಣುಮಕ್ಕಳು ನಗಲಾರರು. ಕತ್ತಲೂ ಬೇಕಿತ್ತು, ಕತ್ತಲ ಭಯವೂ ಇತ್ತು.

ಮರುದಿನ ತರಗತಿಯಲ್ಲಿ ಕೆಲಸ ಹಂಚಿದೆ. ಪ್ಲಾಸ್ಟಿಕ್ ಡಬ್ಬಿ ನಾನು ತರುತ್ತೇನೆ ಎಂದರು, ಸತ್ತ ಸೆಲ್ಲಿನ ಕಪ್ಪು ಕಡ್ಡಿ ನಾನು ತರುತ್ತೇನೆ ಎಂದರು. ಮಲ್ಟಿಮೀಟರನ್ನು ಟಿ.ವಿ. ರಿಪೇರಿ ಮಾಡುವ ಸೋದರಮಾವನಿಂದ ತರಲು ಒಬ್ಬಳು ಒಪ್ಪಿದಳು. "ಕೆಸರು ಯಾರು ತರ್ತೀರಿ?" ಎಂದೆ. ತರಗತಿ ಸುಮ್ಮನಾಯಿತು. ಆಮೇಲೆ ಒಂದೊಂದೇ ತಲೆ ಹಿಂದಿನ ಬೆಂಚಿನ ಕಡೆ ತಿರುಗಿತು. ಅಲ್ಲಿ ಕುಳಿತ ಹುಡುಗಿಯ ಅಪ್ಪ ಪೌರಕಾರ್ಮಿಕ. ಓಣಿಯ ಗಟಾರಗಳ ಹೂಳೆತ್ತುವವನು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಹುಡುಗಿ ತಲೆ ತಗ್ಗಿಸಿ, "ನಾ ತರ್ತೀನ್ರೀ ಮೇಡಂ" ಎಂದಳು. ನನಗೆ ಈಗಲೂ ನಾಚಿಕೆಯಾಗುವುದು ಇಲ್ಲಿಯೇ. ಎಲ್ಲರ ಜೊತೆ ನನ್ನ ತಲೆಯೂ ಆ ಬೆಂಚಿನ ಕಡೆಗೇ ತಿರುಗಿತ್ತು.

ಆ ರಾತ್ರಿ ನನಗೆ ನಮ್ಮ ಹಳೆಯ ಮನೆಯ ಹಿತ್ತಲ ಬಾಗಿಲು ನೆನಪಾಯಿತು. ಹಿಂದೆ ಪಾಯಖಾನೆ, ಅದರ ಗೋಡೆಯ ಬುಡದಲ್ಲಿ ತಗಡಿನ ಮುಚ್ಚಳ. ಬೆಳಿಗ್ಗೆ ನಾವೆಲ್ಲ ಏಳುವ ಮುಂಚೆ ಒಬ್ಬ ಹೆಂಗಸು ಬುಟ್ಟಿ, ತಗಡು ಹಿಡಿದು ಆ ಸಂದಿಯಲ್ಲಿ ಬರುತ್ತಿದ್ದಳು. ಹಬ್ಬದ ಮರುದಿನ ಅವ್ವ ಹೋಳಿಗೆಯನ್ನು ಮೇಲಿನಿಂದ ಅವಳ ಸೆರಗಿಗೆ ಹಾಕುತ್ತಿದ್ದಳು, ಕೈಗೆ ಕೈ ತಾಗದ ಹಾಗೆ. ಅವ್ವ ಕೆಟ್ಟವಳಲ್ಲ. ಆ ಹೆಂಗಸಿನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಕೇಳಿರಲೂ ಇಲ್ಲ. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ ನಿಷೇಧಿಸಿದರೆಂದು ನಾನೇ ಮಕ್ಕಳಿಗೆ ಪಾಠ ಹೇಳುತ್ತೇನೆ. ಕೇಂದ್ರದ ಕಾನೂನು 1993ರಲ್ಲಿ ಬಂತು, 2013ರಲ್ಲಿ ಮತ್ತೊಂದು ಬಂತು. ಆದರೆ ನಮ್ಮ ಹಿತ್ತಲ ಬಾಗಿಲಿನ ಪಾಠವನ್ನು ನಾನು ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ಬೆಳಿಗ್ಗೆ ಆ ಹುಡುಗಿಗೆ, "ಕೆಸರು ನೀ ತರಬ್ಯಾಡವ್ವ, ನಾನೇ ತರ್ತೀನಿ" ಎಂದೆ. ಶಾಲೆಯ ಹಿಂದಿನ ಗಟಾರಕ್ಕೆ ಇಡೀ ತರಗತಿಯನ್ನು ಕರೆದುಕೊಂಡು ಹೋದೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಗ್ಗಿದೆ. ವಾಸನೆಗೆ ಹೊಟ್ಟೆ ತೊಳಸಿತು, ಕಣ್ಣಲ್ಲಿ ನೀರು ಬಂತು. ಹಾದಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ನಿಂತು, "ಅಕ್ಕೋರೆ, ಏನ್ ಕಳಕೊಂಡೀರಿ?" ಎಂದರು. "ಕರೆಂಟ್ ಹುಡುಕ್ಲಿಕ್ಕತ್ತೀನ್ರೀ" ಎಂದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಒಬ್ಬೊಬ್ಬರೇ ಕೈಗೆ ಚೀಲ ಕಟ್ಟಿಕೊಳ್ಳತೊಡಗಿದರು. ಹಿಂದಿನ ಬೆಂಚಿನ ಹುಡುಗಿ ಡಬ್ಬಿಗಳನ್ನು ಎಣಿಸುವ ಕೆಲಸ ಮಾಡಿದಳು.

ಐದು ಡಬ್ಬಿ ತುಂಬಿದೆವು. ಮೊದಲ ದಿನ ಮಲ್ಟಿಮೀಟರಿನಲ್ಲಿ ಏನೂ ಇಲ್ಲವೆಂಬಷ್ಟು ಇತ್ತು. ಜೀವಿಗಳು ಕಡ್ಡಿಗೆ ಅಂಟಿ ಸಂಸಾರ ಹೂಡಲು ದಿನಗಳು ಬೇಕು ಎಂದು ಬಾಣಂತಿ ಟೀಚರು ಮೊದಲೇ ಹೇಳಿದ್ದಳು. ಹತ್ತನೆಯ ದಿನ ಒಂದು ಡಬ್ಬಿ 0.4 ವೋಲ್ಟು ತೋರಿಸಿತು. ಐದನ್ನೂ ಸರಪಳಿಯಂತೆ ಜೋಡಿಸಿದೆವು. ಚಿಕ್ಕ ಕೆಂಪು ಬಲ್ಬು ಹತ್ತಲಿಲ್ಲ. ಸೆಲ್ಲು ತೆಗೆದಿಟ್ಟ ಪುಟ್ಟ ಗಡಿಯಾರಕ್ಕೆ ತಂತಿ ಮುಟ್ಟಿಸಿದಾಗ ಮಾತ್ರ ಅದರ ಅಂಕಿಗಳು ಮಂಕಾಗಿ ಮೂಡಿದವು. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ತರಗತಿಯವರೂ ಓಡಿಬಂದರು.

ಇಷ್ಟೇ ಇಷ್ಟು ಕರೆಂಟಿನಿಂದ ಏನಾದೀತು ಎಂದು ನೀವು ಕೇಳಬಹುದು. ವಿಜ್ಞಾನಿಗಳಿಗೂ ಅದೇ ತೊಡಕು. ದೊಡ್ಡದಾಗಿ ಮಾಡಹೋದರೆ ಖರ್ಚು ಹೆಚ್ಚು, ಕರೆಂಟು ಕಡಿಮೆ. ಆದರೆ ಹೊಲಸೆಂದು ಎಸೆದದ್ದರಿಂದ ದೀಪ ಹಚ್ಚಿದ ಊರು ನಮ್ಮ ರಾಜ್ಯದಲ್ಲೇ ಇತ್ತು, ಬೇರೆ ದಾರಿಯಿಂದ. ನಮ್ಮದು ಸುರಪುರ, ಅದು ಬರೀ ಪುರ, ಕುಣಿಗಲ್ ತಾಲ್ಲೂಕಿನಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ 'ಅಸ್ತ್ರ' ತಂಡ ಅಲ್ಲಿ ಊರಿಗೆಲ್ಲ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿತು. 1987ರಿಂದ ಕೆಲವು ವರ್ಷ ಅದೇ ಗ್ಯಾಸಿನಿಂದ ಎಂಜಿನ್ ನಡೆಸಿ ಮನೆಗಳಿಗೆ ದೀಪ, ಕುಡಿಯಲು ಕೊಳವೆಬಾವಿಯ ನೀರು ಕೊಟ್ಟರು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ ಕೂಲಿಯೂ ಇತ್ತು, ಗೊಬ್ಬರ ಮನೆಗಳಿಗೇ ಮರಳುತ್ತಿತ್ತು. ಸಗಣಿಗೆ ನಮಗೆ ಅಸಹ್ಯವಿಲ್ಲ, ಅದರಿಂದ ಅಂಗಳ ಸಾರಿಸುತ್ತೇವೆ. ಅದನ್ನು ಹೊತ್ತವರ ಕೈಯನ್ನು ಯಾರೂ ದೂರ ಇಡಲಿಲ್ಲ.

ಪ್ರದರ್ಶನದ ದಿನ ಆ ಹುಡುಗಿಯ ಅಪ್ಪ ಬಂದಿದ್ದ. ಮಗಳು ಕೋಲು ಹಿಡಿದು ಎಲ್ಲ ವಿವರಿಸುವುದನ್ನು ಬಾಗಿಲ ಬಳಿಯೇ ನಿಂತು ಕೇಳಿದ. ಒಳಗೆ ಕರೆದೆ. "ನಾವು ದಿನಾ ತೆಗೆಯೋದ್ರಾಗ ಕರೆಂಟ್ ಅದ ಏನ್ರೀ ಅಕ್ಕೋರೆ?" ಎಂದ. "ಅದ ಅಣ್ಣಾ, ಸ್ವಲ್ಪ ಅದ" ಎಂದೆ. ಅವನು ಗಡಿಯಾರವನ್ನೇ ನೋಡುತ್ತ, "ಕರೆಂಟ್ ಯಾವಾಗರ ಬರಲ್ರೀ. ಅದಕ್ಕಿಂತ ಮೊದ್ಲ ಒಂದು ಜೋಡಿ ಚಲೋ ಗ್ಲೌಸ್ ಬಂದಿದ್ರ ಸಾಕಿತ್ರೀ" ಎಂದ.

ನನಗೆ ಉತ್ತರ ತೋಚಲಿಲ್ಲ. ಅವನ ಹೆಸರು ಕೇಳಿದೆ, ಹೇಳಿದ. ಮಗಳು ಅಪ್ಪನಿಗೆ ಕುರ್ಚಿ ತಂದು ಹಾಕಿದಳು, ನಾವು ಮೂವರೂ ಚಹಾ ಕುಡಿದೆವು.

ಡಬ್ಬಿಗಳು ಈಗಲೂ ನಮ್ಮ ಸ್ಟಾಫ್ ರೂಮಿನ ಕಿಟಕಿಯಲ್ಲಿವೆ. ಮೇಲಿನ ನೀರು ಆರದಂತೆ ದಿನಕ್ಕೊಬ್ಬರು ನೋಡಿಕೊಳ್ಳಬೇಕು. ಮಕ್ಕಳು ಪಾಳಿ ಬರೆದು ಗೋಡೆಗೆ ಅಂಟಿಸಿದ್ದಾರೆ. ಶನಿವಾರದ ಪಾಳಿ ನನ್ನದು.