ಕೆಂಪಿಗೆ ಆಪರೇಷನ್ ಬೇಕಾ?

ನಮ್ಮನೆ ನಾಯಿ ಕೆಂಪಿಗೆ ಹಿಂದಿನಿಂದ ರಕ್ತ ತೊಟ್ಟಿಕ್ಕತೊಡಗಿದಾಗ ಬೆದೆಗೆ ಬಂದಿದೆ ಅಂದರು ಎಲ್ಲರೂ. ಬೆದೆಯ ರಕ್ತ ಒಂದೆರಡು ವಾರದಲ್ಲಿ ನಿಲ್ಲಬೇಕು. ಇದು ನಿಲ್ಲಲಿಲ್ಲ. ಅಮ್ಮ ಬಾಲ ಎತ್ತಿ ನೋಡಿದರೆ ಹೂಕೋಸಿನಂಥ ಕೆಂಪು ಗಡ್ಡೆ.

ಆಮೇಲೆ ಸಲಹೆಗಳದ್ದೇ ಸುರಿಮಳೆ. "ದನಕ್ಕೆ ಮೈ ಹೊರಗೆ ಬರುತ್ತಲ್ಲ, ಅದೇ ಇದು, ಒಳಗೆ ತಳ್ಳಿದ್ರಾಯ್ತು" ಅಂದರು ಚಿಕ್ಕಪ್ಪ. ಮೆಡಿಕಲ್ ಶಾಪಿನವರು ಮಾತ್ರೆ ಕೊಟ್ಟರು. ಪೇಟೆಯ ಡಾಕ್ಟರೊಬ್ಬರು ಕೆಂಪಿಯನ್ನು ಮುಟ್ಟದೆ, ನಿಂತಲ್ಲಿಂದಲೇ ನೋಡಿ, "ಗರ್ಭಕೋಶ ಸಮೇತ ತೆಗೀಬೇಕು, 8,000 ಆಗುತ್ತೆ" ಅಂದರು.

ಸುದ್ದಿಗೆ ಹೋದಾಗ ನಾನು ಯಾರಿಗಾದರೂ ಕೇಳುವ ಮೊದಲ ಪ್ರಶ್ನೆ, "ನೀವು ಕಣ್ಣಾರೆ ಕಂಡಿದ್ದಾ?" ಇಲ್ಲೂ ಹಾಗೇ ಕೇಳಿದೆ: "ಯಾವ ಕಾಯಿಲೆ ಸಾರ್? ಅದೇ ಅಂತ ಹೇಗೆ ಗೊತ್ತಾಯ್ತು?" "20 ವರ್ಷದ ಅನುಭವ" ಅಂದರು. ಅನುಭವ ಇದ್ದೀತು, ಆದರೆ ಕೇಳಿದ್ದಕ್ಕೆ ಅದು ಉತ್ತರವಲ್ಲವಲ್ಲ.

ಕೆಂಪಿಯನ್ನು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ ಗ್ಲೌಸ್ ಹಾಕಿಕೊಂಡು ಗಡ್ಡೆ ಮುಟ್ಟಿ ನೋಡಿದರು. ಗಾಜಿನ ಸ್ಲೈಡನ್ನು ಅದಕ್ಕೆ ಒತ್ತಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿಟ್ಟರು. ನನಗೂ ತೋರಿಸಿದರು. ದುಂಡನೆಯ ಜೀವಕೋಶಗಳು, ಒಳಗೆ ಸಣ್ಣ ಗುಳ್ಳೆಗಳ ಸಾಲು. ಇದಕ್ಕೆ ಟಿವಿಟಿ ಅಂತಾರಂತೆ. ಕೂಡುವಾಗ, ನೆಕ್ಕುವಾಗ ನಾಯಿಯಿಂದ ನಾಯಿಗೆ ಅಂಟುವ ಕ್ಯಾನ್ಸರ್. ಮನುಷ್ಯರಿಗೆ ಬರುವುದಿಲ್ಲ. ಬರೀ ಕೊಯ್ದರೆ ಎಷ್ಟೋ ಸಲ ಮತ್ತೆ ಬೆಳೆಯುತ್ತದೆ. ಅದಕ್ಕೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ವಾರಕ್ಕೊಂದು, ಸಾಮಾನ್ಯವಾಗಿ 4ರಿಂದ 6 ವಾರ. ರಕ್ತನಾಳದೊಳಗೇ ಹೋಗಬೇಕು, ಹೊರಗೆ ಸೋರಿದರೆ ಅಲ್ಲಿನ ಮಾಂಸವೇ ಕೊಳೆಯುತ್ತದೆ. ಬಿಳಿ ರಕ್ತಕಣ ಇಳಿಯುವುದರಿಂದ ರಕ್ತ ಪರೀಕ್ಷೆ ಮಾಡಿಸುತ್ತಿರಬೇಕು. ನಾಯಿಯ ಉಚ್ಚೆ, ವಾಂತಿ ಬಳಿಯುವಾಗ ನಾವೂ ಗ್ಲೌಸ್ ಹಾಕಬೇಕು. "ಇಷ್ಟಾದರೂ ಕರಗದಿದ್ರೆ ಬೇರೆ ದಾರಿ ನೋಡೋಣ" ಅಂದರು. ನನಗೆ ನಂಬಿಕೆ ಹುಟ್ಟಿದ್ದು ಈ ಮಾತಿಗೆ.

ಅಮ್ಮನಿಗೆ ಮಾತ್ರ ಅನುಮಾನ. "ಕೊಯ್ಯೋದು ಬೇಡ ಅಂದೋರೇ ನಿಂಗೆ ಒಳ್ಳೇ ಡಾಕ್ಟ್ರು" ಅಂದಳು. ನ್ಯಾಯವಾದ ಮಾತೇ. ಗರ್ಭಕೋಶದಲ್ಲಿ ಕೀವು ತುಂಬಿದರೂ ಅದೇ ಜಾಗದಿಂದ ಸೋರುತ್ತದೆ. ಕೆಲವೊಮ್ಮೆ ಸೋರುವುದೇ ಇಲ್ಲ, ಅದು ಇನ್ನೂ ಅಪಾಯ. ಬೆದೆ ಮುಗಿದ ಕೆಲವು ವಾರಗಳಿಗೆ ನಾಯಿ ಊಟ ಬಿಟ್ಟು, ಮಂಕಾಗಿ, ವಿಪರೀತ ನೀರು ಕುಡಿಯತೊಡಗಿದರೆ ಅದೇ ದಿನ ಡಾಕ್ಟರ ಹತ್ತಿರ ಓಡಿ. ಅದಕ್ಕೆ ಸಾಮಾನ್ಯವಾಗಿ ಆಪರೇಷನ್ನೇ ಮದ್ದು, ತಡವಾದರೆ ಜೀವ ಹೋಗುತ್ತದೆ. ಕೆಂಪಿಯ ಕಥೆ ಓದಿ ನಿಮ್ಮ ನಾಯಿಗೂ ಕತ್ತರಿ ಬೇಡ ಅಂದುಕೊಳ್ಳಬೇಡಿ.

ಮೂರನೇ ಇಂಜೆಕ್ಷನ್ನಿಗೆ ರಕ್ತ ನಿಂತಿತು. ಐದನೆಯದರ ಹೊತ್ತಿಗೆ ಗಡ್ಡೆ ಕಾಣಲಿಲ್ಲ. ನಡುವೆ ಎರಡು ದಿನ ವಾಂತಿ ಮಾಡಿಕೊಂಡು ಮಲಗಿತ್ತು, ಅಷ್ಟೇ. ಮುಂದಿನ ತಿಂಗಳು ಮರಿಯಾಗದ ಹಾಗೆ ಆಪರೇಷನ್ ಮಾಡಿಸಬೇಕು, ಅಲ್ಲಿವರೆಗೆ ಕಟ್ಟಿಹಾಕಿದ್ದೇವೆ.

ಎದುರು ಮನೆಯ ಗಂಡುನಾಯಿಗೂ ಈಗ ರಕ್ತ ತೊಟ್ಟಿಕ್ಕುತ್ತಿದೆ. ಮೂರು ಸಲ ಹೇಳಿದೆ. "ಅಡಿಕೆ ಸುಲಿಯೋದು ಮುಗೀಲಿ ಮಾರಾಯ, ನೋಡಣ" ಅನ್ನುತ್ತಾರೆ.