ವಿದ್ಯೆಯ ಜಮಾಖರ್ಚು

ವಿದ್ಯೆಗೆ ಬೆಲೆ ಕಟ್ಟಬಾರದೆಂದು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ಬೆಲೆ ಕಟ್ಟಿಯೇ ತೀರಬೇಕಾದ ಸಂದರ್ಭವೊಂದು 2024ರ ಜೂನ್ ತಿಂಗಳಿನಲ್ಲಿ ನಮಗೆ ಒದಗಿತು.

ನಮ್ಮ ಶಾಲೆಯಲ್ಲಿ ಓದಿ, ಆಗತಾನೆ ಹನ್ನೆರಡನೆಯ ತರಗತಿಗೆ ಕಾಲಿರಿಸಿದ್ದ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ತಂದೆಯೊಡನೆ ಮಳೆಯಲ್ಲಿ ನೆನೆಯುತ್ತ ಬಂದಳು. ತಂದೆ ಮಾಟುಂಗದ ಉಡುಪಿ ಹೋಟೆಲೊಂದರ ಅಡಿಗೆಮನೆಯಲ್ಲಿ ದುಡಿಯುವವರು. ಮಗಳಿಗೆ ಗಣಕ ಗಣಿತದ ಪದವಿಯ ಮೇಲೆ ಮನಸ್ಸು. ಹವಾಮಾನ, ಸೇತುವೆಯ ಭಾರ ಮೊದಲಾದವುಗಳ ಸಮೀಕರಣಗಳನ್ನು ಕಂಪ್ಯೂಟರಿನ ನೆರವಿನಿಂದ ಹಂತಹಂತವಾಗಿ ಬಿಡಿಸುವ ಶಾಸ್ತ್ರವದು. ಅವರು ತಂದಿದ್ದ ಹೊರರಾಜ್ಯದ ಖಾಸಗಿ ಕಾಲೇಜೊಂದರ ವಿವರಣಪತ್ರದಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿ ಶುಲ್ಕವೆಂದಿತ್ತು. ಪಕ್ಕದಲ್ಲಿಯೇ ಹಳೆಯ ವಿದ್ಯಾರ್ಥಿಯೊಬ್ಬನ ಭಾರಿ ಸಂಬಳವೂ ಅಚ್ಚಾಗಿತ್ತು.

“ಮಾಸ್ಟ್ರೇ, ಇದನ್ನು ಓದಿದರೆ ಸಾಲ ತೀರೀತೇ?” ಎಂದು ತಂದೆ ಕೇಳಿದರು.

ಅದೇ ಪತ್ರದ ಹಿಂಬದಿಯಲ್ಲಿ ಲೆಕ್ಕ ಹಾಕಿದೆವು. ನಾಲ್ಕು ವರ್ಷಕ್ಕೆ 8 ಲಕ್ಷ. ವಸತಿಯ ಖರ್ಚು ಬೇರೆ. ಬ್ಯಾಂಕಿನ ಸಾಲಕ್ಕೆ ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲದಿದ್ದರೂ ಬಡ್ಡಿ ಬೆಳೆಯುತ್ತಿರುತ್ತದೆ. ನೂರಕ್ಕೆ 10ರಂತೆ ಸರಳ ಬಡ್ಡಿ ಹಿಡಿದರೂ ಅಷ್ಟರಲ್ಲಿ 2 ಲಕ್ಷ 80 ಸಾವಿರ. ಒಟ್ಟು 10 ಲಕ್ಷ 80 ಸಾವಿರವನ್ನು ಹತ್ತು ವರ್ಷಗಳಲ್ಲಿ ತೀರಿಸಬೇಕಾದರೆ ತಿಂಗಳಿಗೆ 14,000ಕ್ಕೂ ಮಿಕ್ಕ ಕಂತು. ಮೊದಲ ಸಂಬಳ 25,000 ಬಂದಿತೆಂದರೆ ಅರ್ಧಕ್ಕಿಂತ ಹೆಚ್ಚು ಬ್ಯಾಂಕಿನ ಪಾಲು. ಅಚ್ಚಾಗಿದ್ದುದು ಎಲ್ಲರಿಗಿಂತ ಮುಂದೆ ಬಂದವನ ಸಂಬಳ. ನಡುವೆ ನಿಂತವನ ಸಂಬಳ ಅಲ್ಲಿರಲಿಲ್ಲ.

“ಬೇಡಮ್ಮ” ಎಂಬ ಮಾತು ನಮ್ಮ ನಾಲಗೆಯ ತುದಿಗೆ ಬಂದಿತ್ತು. ಆಗ ನಮ್ಮ ಕಥೆಯೇ ನೆನಪಾಯಿತು. ಕನ್ನಡ ಮಾಧ್ಯಮದ ಮೆಟ್ರಿಕ್ಕಿನಲ್ಲಿ ನಮಗೆ ಗಣಿತದಲ್ಲಿಯೇ ಹೆಚ್ಚು ಅಂಕ ಬಂದಿತ್ತು. ಆದರೆ ಬೇಗ ಸಂಬಳ ಬರುವುದೆಂದು ಮನೆಯವರು ಶಿಕ್ಷಕರ ತರಬೇತಿಯ ದಾರಿ ತೋರಿದರು. ಆ ವೃತ್ತಿಯೇ ನಮ್ಮನ್ನು ಮುಂಬಯಿಗೆ ತಂದು ಅನ್ನವಿತ್ತಿತು. ಅದರ ಬಗೆಗೆ ಕೊರಗಿಲ್ಲ. ಶುಲ್ಕವಿಲ್ಲದೆ ಗಣಿತ ಓದುವ ಸ್ಥಳವೂ ಇರಬಹುದೆಂದು ಯಾರೂ ತಿಳಿಸಲಿಲ್ಲ, ನಾವೂ ವಿಚಾರಿಸಲಿಲ್ಲವೆಂಬುದೇ ಕೊರಗು.

ಆದುದರಿಂದ ಒಂದು ವಾರ ಕೇಳಿಕೊಂಡೆವು. ಮಹಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಬಿ.ಮ್ಯಾಥ್. ಪದವಿಗೆ ಬೋಧನಶುಲ್ಕವಿರಲಿಲ್ಲ, ಬದಲಾಗಿ ತಿಂಗಳಿಗೆ 5,000 ರೂಪಾಯಿ ವೇತನವಿತ್ತು. ಪ್ರವೇಶಪರೀಕ್ಷೆ ಮಾತ್ರ ಕಠಿನ. ಐ.ಐ.ಟಿ.ಗಳಲ್ಲಿ 2016ರಿಂದ ಬೋಧನಶುಲ್ಕ ವರ್ಷಕ್ಕೆ 2 ಲಕ್ಷವಾದರೂ, ಕುಟುಂಬದ ವರಮಾನ 1 ಲಕ್ಷಕ್ಕಿಂತ ಕಡಮೆಯಿದ್ದವರಿಗೆ ಪೂರ್ಣವಾಗಿ, 5 ಲಕ್ಷದೊಳಗಿದ್ದವರಿಗೆ ಮೂರರಲ್ಲಿ ಎರಡು ಪಾಲು ಮಾಫಿಯಿತ್ತು.

ಹುಡುಗಿ ವರ್ಷವಿಡೀ ಶ್ರಮಿಸಿದಳು. 2025ರಲ್ಲಿ ಬೆಂಗಳೂರಿನ ಪರೀಕ್ಷೆ ಕೈಗೂಡಲಿಲ್ಲ. ಲೋಕಲ್ ರೈಲಿನಲ್ಲಿ ಹೋಗಿಬರಬಹುದಾದ ಅನುದಾನಿತ ಕಾಲೇಜಿನಲ್ಲಿ, ಸಾಲವಿಲ್ಲದೆ, ಬಿ.ಎಸ್‌ಸಿ. ಗಣಿತಕ್ಕೆ ಸೇರಿ, ಸಂಜೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾಳೆ. ಮುಂದೆ ಎಷ್ಟು ಗಳಿಸುವಳೆಂದು ನಾವು ಹೇಳಲಾರೆವು. ಆದರೆ ಗಳಿಸಿದ್ದು ಅವಳದಾಗಿ ಉಳಿಯುವುದು, ಎಂ.ಎಸ್‌ಸಿ.ಯ ಬಾಗಿಲೂ ತೆರೆದಿದೆ.

ವಿದ್ಯಾರ್ಥಿಗಳೇ, ಪದವಿಯನ್ನು ಆರಿಸುವ ಮುನ್ನ ಖರ್ಚಿನ ಕಡೆ ಬಡ್ಡಿಯನ್ನೂ, ಜಮೆಯ ಕಡೆ ಸಾಧಾರಣ ವಿದ್ಯಾರ್ಥಿಯ ಸಂಬಳವನ್ನೂ ಬರೆಯಿರಿ. ಲೆಕ್ಕ ಸರಿಹೊಂದದಿದ್ದರೆ ಕಾಲೇಜನ್ನು ಬದಲಿಸಿ ನೋಡಿ. ವಿಷಯವನ್ನು ಒಮ್ಮೆಗೇ ಕೈಬಿಡಬೇಡಿ.