ಅಟ್ಟ ಸೇರಿದ ಮೀನಿನ ತೊಟ್ಟಿ

ಮಗ ಐದನೆಯ ತರಗತಿಯಲ್ಲಿದ್ದಾಗ ಆ ಮನೆಗೆ ಮೀನಿನ ತೊಟ್ಟಿ ಬಂತು. ಹುಟ್ಟುಹಬ್ಬಕ್ಕೆ ಅಪ್ಪ ಕೊಡಿಸಿದ್ದು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಜೊತೆಗೆ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಮುಚ್ಚುವ ಒಂದು ಮೊಸಳೆ, ಬುರುಬುರು ಗಾಳಿ ಬಿಡುವ ಪಂಪು. ಸಂಜೆಯೇ ನಲ್ಲಿ ನೀರು ತುಂಬಿ, ಸಂಜೆಯೇ ಎಂಟು ಗೋಲ್ಡ್ ಫಿಶ್ ಬಿಟ್ಟದ್ದೂ ಆಯಿತು. “ಏನೂ ತೊಂದ್ರೆ ಇಲ್ಲ ಸಾರ್, ದಿನಾ ಎರಡು ಹೊತ್ತು ಊಟ ಹಾಕಿ ಸಾಕು” ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಹುಡುಗ ನಾಲ್ಕು ಹೊತ್ತು ಹಾಕಿದ. ಅವನು ಶಾಲೆಗೆ ಹೋದ ಮೇಲೆ, ಪಾಪ ಹಸಿದಿರುತ್ತವೆ ಎಂದು ಅಜ್ಜಿ ಐದನೆಯ ಹೊತ್ತು ಹಾಕಿದರು.

ಆರನೆಯ ದಿನ ಒಂದು ಮೀನು ಮೇಲೆ ತೇಲಿತು. ಎಂಟನೆಯ ದಿನ ಎರಡು. ನೀರು ಮಬ್ಬಾಗಿತ್ತು. ಕೊಳೆಯಾಗಿದೆ ಎಂದುಕೊಂಡ ಅಪ್ಪ ಭಾನುವಾರ ತೊಟ್ಟಿಯನ್ನು ಬರಿದು ಮಾಡಿ, ಕಲ್ಲು, ಗಿಡ, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗಿಟ್ಟು ತಿಕ್ಕಿ ತೊಳೆದು ಹೊಸ ನೀರು ತುಂಬಿದರು. ತೊಟ್ಟಿ ಪಳಪಳ ಹೊಳೆಯಿತು. ಬುಧವಾರದ ಹೊತ್ತಿಗೆ ಉಳಿದದ್ದು ಎರಡೇ ಮೀನು. “ಯಾರ ದೃಷ್ಟಿ ತಾಗಿತೋ” ಎಂದು ಅಜ್ಜಿ ನಿಟ್ಟುಸಿರಿಟ್ಟರು. ತಾನೇ ಏನೋ ತಪ್ಪು ಮಾಡಿದೆ ಎಂದು ಹುಡುಗನಿಗೆ ಅನಿಸಿತು, ಬಾಯಿಬಿಟ್ಟು ಹೇಳಲಿಲ್ಲ. ಉಳಿದೆರಡನ್ನು ಅಂಗಡಿಗೇ ವಾಪಸು ಕೊಟ್ಟು ಬಂದರು. ತೊಟ್ಟಿ ಅಟ್ಟ ಹತ್ತಿತು. ಅದರೊಳಗೆ ಹಳೆಯ ಪುಸ್ತಕಗಳು ಸೇರಿದವು.

ಮೀನು ಸಾಕುವುದನ್ನು ಬಿಟ್ಟವರ ಮನೆಗಳಲ್ಲಿ ಕೇಳಿ ನೋಡಿ, ಬಹುಪಾಲು ಇದೇ ಕಥೆ. ಊರು ಬೇರೆ, ತೊಟ್ಟಿಯ ಅಳತೆ ಬೇರೆ, ಅಷ್ಟೆ.

ಆ ಎಂಟು ದಿನಗಳಲ್ಲಿ ನೀರೊಳಗೆ ನಡೆದದ್ದು ಹೀಗೆ. ಮೀನು ತನ್ನ ದೇಹದ ಸಾರಜನಕದ ಕಸವನ್ನು ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತದೆ. ತಿನ್ನದೆ ಉಳಿದ ಊಟ ಕೊಳೆತರೂ ಅದೇ ಅಮೋನಿಯಾ. ಅದು ಮೀನಿಗೆ ವಿಷ. ಕೆರೆಯಲ್ಲಿ ನೀರು ಹೇರಳ, ಜೊತೆಗೆ ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾಗಳೂ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳೂ ಇವೆ. ನೈಟ್ರೈಟೂ ವಿಷವೇ, ನೈಟ್ರೇಟಿನ ಬಾಧೆ ಅದಕ್ಕಿಂತ ಬಹಳ ಕಡಿಮೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಇರುವುದೇ ಇಲ್ಲ ಎನ್ನಬಹುದು. ಕಲ್ಲಿನ ಮೇಲೆ, ಸ್ಪಂಜಿನ ರಂಧ್ರಗಳಲ್ಲಿ ಅವು ಸಂಸಾರ ಹೂಡಲು ನಾಲ್ಕರಿಂದ ಆರು ವಾರ ಬೇಕು. ಅಪ್ಪ ಭಾನುವಾರ ಅಷ್ಟು ಮುತುವರ್ಜಿಯಿಂದ ತೊಳೆದು ಚರಂಡಿಗೆ ಕಳಿಸಿದ್ದು, ಆಗಷ್ಟೇ ನೆಲೆಯೂರುತ್ತಿದ್ದ ಆ ಸಂಸಾರವನ್ನು. ನಲ್ಲಿ ನೀರಿನ ಕ್ಲೋರಿನ್ ಬೇರೆ ಜೊತೆಗೂಡಿತು.

ಈ ಪೆಟ್ಟು ನಮ್ಮವರಿಗೇ ಮೊದಲು ಬಿದ್ದದ್ದೇನಲ್ಲ. ಮನೆಯೊಳಗೆ ಗಾಜಿನ ತೊಟ್ಟಿಯಿಡುವ ಹುಚ್ಚು ಹುಟ್ಟಿದ ಇಂಗ್ಲೆಂಡಿನಲ್ಲೂ ಹೀಗೇ ಆಗಿತ್ತು. ಅಲ್ಲಿ 1845ರಲ್ಲಿ ಗಾಜಿನ ಮೇಲಿನ ಸುಂಕ ರದ್ದಾಗಿ ಗಾಜು ಅಗ್ಗವಾಯಿತು. ಗಿಡ ಆಮ್ಲಜನಕ ಕೊಡುತ್ತದೆ, ಬಸವನಹುಳು ಕೊಳೆತದ್ದನ್ನು ತಿನ್ನುತ್ತದೆ, ಹೀಗೆ ಮೀನು ಬದುಕಬಲ್ಲದು ಎಂದು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ 1850ರಲ್ಲಿ ವರದಿ ಮಾಡಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದ. ರೈಲು ಹತ್ತಿ ಜನ ಕಡಲ ದಂಡೆಗೆ ಧಾವಿಸಿ ಸಿಕ್ಕಿದ ಜೀವಿಗಳನ್ನೆಲ್ಲ ಬಾಚಿ ತಂದರು. 1868ರ ಹೊತ್ತಿಗೆ ಜೆ. ಜಿ. ವುಡ್ ಎಂಬ ಲೇಖಕ ಆ ಗೀಳು ಇಳಿದುಹೋದ ಸಂಗತಿಯನ್ನು ಬರೆಯುವಂತಾಗಿತ್ತು. ಅಮೋನಿಯಾವನ್ನು ಬದಲಿಸುವ ಬ್ಯಾಕ್ಟೀರಿಯಾಗಳನ್ನು ವಿನೊಗ್ರಾಡ್‌ಸ್ಕಿ ಪ್ರತ್ಯೇಕಿಸಿ ತೋರಿಸಿದ್ದು 1890ರ ಸುಮಾರಿಗೆ. ಆ ಇಂಗ್ಲಿಷರಿಗೆ ಗೊತ್ತಿರಲಿಲ್ಲ, ಸರಿ. ನಮಗೇನಾಗಿದೆ?

ಅದೇ ಹುಡುಗ ಪ್ರೌಢಶಾಲೆಗೆ ಬಂದಾಗ ಸಾರಜನಕ ಚಕ್ರದ ಚಿತ್ರ ಬರೆದ. ಬಾಣಗಳು ಸರಿಯಾಗಿದ್ದವು, ಪೂರ್ತಿ ಅಂಕವೂ ಬಂತು. ಅಟ್ಟದ ಮೇಲಿನ ತೊಟ್ಟಿಗೂ ಈ ಚಿತ್ರಕ್ಕೂ ಸಂಬಂಧವಿದೆಯೆಂದು ಯಾರೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆ ಇರುವುದಿಲ್ಲವಲ್ಲ!

ಎಲ್ಲರೂ ಮೀನು ಸತ್ತ ದುಃಖಕ್ಕೇ ಬಿಡುವುದಿಲ್ಲ ಎನ್ನಿ. ಮೊದಲ ತಿಂಗಳು ದಾಟಿದವರಿಗೆ ಬೇರೆ ಕಾಯಿಲೆ: ಎರಡಡಿಯ ತೊಟ್ಟಿ ಸಾಲದು, ನಾಲ್ಕಡಿಯದು ಬೇಕು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರವೆಂದರೆ ಸುಮಾರು 255 ಲೀಟರ್. ನೀರಿನ ಭಾರವೇ ಕಾಲು ಟನ್ನು. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಲು ಅರವತ್ತು ಲೀಟರಿಗೂ ಮೇಲೆ ನೀರು ಹೊರಬೇಕು. ಹವ್ಯಾಸ ಅಪ್ಪನದು, ಬಕೆಟ್ಟು ಅಮ್ಮನದು. ಕರೆಂಟು ಹೋದರೆ ಪಂಪು ನಿಲ್ಲುತ್ತದೆ. ದಸರಾ ರಜೆಗೆ ಊರಿಗೆ ಹೋದರೆ ಪಕ್ಕದ ಮನೆಯವರು ಪ್ರೀತಿಯಿಂದ ಪೊಟ್ಟಣವನ್ನೇ ಸುರಿದಿರುತ್ತಾರೆ. ಬಾಡಿಗೆ ಮನೆ ಬದಲಿಸುವಾಗಂತೂ ಕೇಳಲೇಬೇಡಿ. ಕೊನೆಗೆ “ಚಿಕ್ಕದು ಮಾಡೋಣ” ಎಂದು ಗಾಜಿನ ಬುರುಡೆಗೆ ಇಳಿಯುತ್ತಾರೆ. ಅದು ಇನ್ನೂ ಕಷ್ಟ. ನೀರು ಕಡಿಮೆಯಾದಷ್ಟೂ ಬೇಗ ಕೆಡುತ್ತದೆ, ಬೇಗ ಬಿಸಿಯಾಗುತ್ತದೆ. ಹತ್ತು ಹದಿನೈದು ವರ್ಷ ಬಾಳಬಲ್ಲ ಗೋಲ್ಡ್ ಫಿಶ್ ಬುರುಡೆಯಲ್ಲಿ ಕೆಲವು ತಿಂಗಳು ಬದುಕಿದರೆ ಹೆಚ್ಚು. ಇಳಿಸಬೇಕಾದದ್ದು ಮೀನಿನ ಸಂಖ್ಯೆಯನ್ನು.

ಬಿಡುವವರಲ್ಲಿ ಕೆಲವರು ಪುಣ್ಯ ಬರಲೆಂದು ಮೀನನ್ನು ಹತ್ತಿರದ ಕೆರೆಗೆ ಬಿಡುತ್ತಾರೆ. ಇದು ಮಾತ್ರ ಕೂಡದು. ಗಾಜಿಗೆ ಬಾಯಿ ಅಂಟಿಸಿ ಪಾಚಿ ತಿನ್ನುವ ‘ಸಕ್ಕರ್’ ಮೀನು ದಕ್ಷಿಣ ಅಮೆರಿಕದ್ದು. ಒಂದಡಿಗೂ ಮೀರಿ ಬೆಳೆಯುತ್ತದೆ. ಹೀಗೆ ಹೊರಬಿದ್ದ ಅವು ಭಾರತದ ಹಲವು ಕೆರೆ ಹೊಳೆಗಳಲ್ಲಿ ನೆಲೆಯೂರಿವೆ; ಅವುಗಳ ಮುಳ್ಳಿಗೆ ಸಿಕ್ಕಿ ಬೆಸ್ತರ ಬಲೆ ಹರಿಯುತ್ತದೆ. ಅಂಗಡಿಗೋ, ಸಾಕುವ ಇನ್ನೊಬ್ಬರಿಗೋ ಕೊಡುವುದೇ ಸರಿ. ಆ ಮನೆಯವರು ತಿಳಿಯದೆಯೇ ಆ ಒಂದು ಕೆಲಸವನ್ನು ಸರಿಯಾಗಿ ಮಾಡಿದ್ದರು.

ಅಪ್ಪ ನಿವೃತ್ತರಾದ ಮೇಲೆ, ಅಟ್ಟ ಖಾಲಿ ಮಾಡುವಾಗ ತೊಟ್ಟಿ ಮತ್ತೆ ಕೆಳಗಿಳಿಯಿತು. ಈ ಸಲ ಅವರು ಮೊದಲು ಓದಿದರು. ನೀರು ತುಂಬಿ, ಪಂಪು ಹಾಕಿ, ಮೀನನ್ನು ತರಲೇ ಇಲ್ಲ. ದಿನವೂ ಒಂದು ಚಿಟಿಕೆ ಊಟವನ್ನು ಬರಿಯ ನೀರಿಗೆ ಹಾಕಿದರು. ಅದು ಕೊಳೆತು ಅಮೋನಿಯಾ ಆಗಬೇಕು, ಬ್ಯಾಕ್ಟೀರಿಯಾ ಬೆಳೆಯಬೇಕು. “ಮೀನಿಲ್ಲದ ತೊಟ್ಟಿಗೆ ಊಟ ಹಾಕ್ತಾ ಕೂತಿದಾರೆ” ಎಂದು ಅಮ್ಮ ಪಕ್ಕದ ಮನೆಯಾಕೆಗೆ ಹೇಳಿ ನಕ್ಕರು. ಪುಣೆಯಿಂದ ಮಗ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದ: “ಅಪ್ಪ, ಮೀನು ಬಂತಾ?”

“ಇಲ್ಲಪ್ಪ, ನೀರು ಇನ್ನೂ ತಯಾರಾಗಿಲ್ಲ.”

ಏಳನೆಯ ವಾರ ಬಂದದ್ದು ಆರು ಗಪ್ಪಿಗಳು. ಬೆರಳುದ್ದವೂ ಇಲ್ಲ. ಒಂದೂ ಸಾಯಲಿಲ್ಲ. ಸಾಯುವುದಿರಲಿ, ಹೆಣ್ಣು ಗಪ್ಪಿ ತಿಂಗಳಿಗೊಮ್ಮೆ ಮರಿ ಹಾಕುವುದರಿಂದ ದೀಪಾವಳಿಯ ಹೊತ್ತಿಗೆ ಲೆಕ್ಕ ತಪ್ಪಿತ್ತು. ಬೀದಿಯ ಮಕ್ಕಳಿಗೆ, ತೊಟ್ಟಿ ತಯಾರಿದೆಯೇ ಎಂದು ಕೇಳಿಯೇ, ಅಪ್ಪ ಹಂಚಿದರು.

ಹಬ್ಬಕ್ಕೆ ಬಂದ ಮಗ ತೊಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದ. ಹಳೆಯ ಮೊಸಳೆ ಇನ್ನೂ ಇತ್ತು, ಬಾಯಿ ತೆರೆಯುತ್ತಿರಲಿಲ್ಲ. ಊಟದ ಡಬ್ಬಿ ಕೈಗೆತ್ತಿಕೊಂಡು ಅಪ್ಪನ ಮುಖ ನೋಡಿದ.

“ಒಂದೇ ಚಿಟಿಕೆ” ಎಂದರು ಅಪ್ಪ.